ಪ್ರೊಸೆಸರ್ ನೋಡಿ ತಂಡ ಕಟ್ಟಿದವನು

ತುಮಕೂರಿನಲ್ಲಿ ಐದು ಜನ ಗೆಳೆಯರ ಒಂದು ತಂಡವಿತ್ತು. ಕಂಪ್ಯೂಟರಿನಲ್ಲಿ ಗುಂಪಾಗಿ ಆಡುವ ಯುದ್ಧದ ಆಟ ಅವರದು. ನಾಯಕ ಲೋಹಿತ್. ಆದರೆ ಎದುರಾಳಿ ಯಾವ ಗೋಡೆಯ ಹಿಂದೆ ಅಡಗಿದ್ದಾನೆ ಎಂದು ಎಲ್ಲರಿಗಿಂತ ಮೊದಲು ಕಂಡು ಹೇಳುತ್ತಿದ್ದವಳು ಸುಚೇತಾ. ಪಂದ್ಯಕ್ಕೆ ಹೋದಲ್ಲೆಲ್ಲ ಐದೂ ಕಂಪ್ಯೂಟರಿನ ವೈರು ಜೋಡಿಸುತ್ತಿದ್ದವಳೂ ಅವಳೇ. ಉಳಿದವರು ಅಷ್ಟು ಹೊತ್ತು ಟೀ ಕುಡಿಯುತ್ತಿದ್ದರು.

ಆ ವರ್ಷ ಆಟಗಾರರ ಬಾಯಲ್ಲೆಲ್ಲ ಒಂದೇ ಮಾತು: ದೊಡ್ಡ ಕ್ಯಾಶ್ ಇರುವ ಪ್ರೊಸೆಸರ್. ಕ್ಯಾಶ್ ಅಂದರೆ ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ಮೆಮೊರಿ. ಒಲೆಯ ಪಕ್ಕದಲ್ಲೇ ಸಾಂಬಾರ ಡಬ್ಬಿ ಇದ್ದ ಹಾಗೆ. ಬೇಕಾದ್ದಕ್ಕೆಲ್ಲ ಉಗ್ರಾಣಕ್ಕೆ ಓಡಬೇಕಾಗಿಲ್ಲ. ಅದು ದೊಡ್ಡದಿದ್ದರೆ ಎಷ್ಟೋ ಆಟಗಳು ಸರಾಗವಾಗಿ ಓಡುತ್ತವೆ. ಇದು ನಿಜ. ಪ್ರೊಸೆಸರ್ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ಲೋಹಿತನ ಮೇಲೆ.

ಅವನು ಅದನ್ನು ಕೊಂಡ. ಉಳಿದ ಮೂವರೂ ಕೊಂಡರು. ಸುಚೇತಾ ಕೊಳ್ಳಲಿಲ್ಲ. ಗೆದ್ದವರು ರಾಜ್ಯಮಟ್ಟಕ್ಕೆ ಹೋಗುವ ಜಿಲ್ಲಾ ಪಂದ್ಯಕ್ಕೆ ಎಂಟು ದಿನವಿತ್ತು.

"ನಿನ್ನ ಪ್ರೊಸೆಸರ್ ಹಳೇದಾಯ್ತು ಕಣೆ," ಎಂದ ಲೋಹಿತ್. "ಈ ಸಲ ನಿನ್ನ ಬದಲು ನಮ್ಮ ಪಕ್ಕದ್ಮನೆ ಭುವನ್ ಆಡ್ತಾನೆ. ನೀನು ಎಕ್ಸ್‌ಟ್ರಾ ಪ್ಲೇಯರ್ ಆಗಿರು."

"ಭುವನ್ ಆಟ ಶುರು ಮಾಡಿ ಹದಿನೈದು ದಿನಾನೂ ಆಗಿಲ್ವಲ್ಲೋ?"

"ಆದ್ರೇನು? ಅವನ ಹತ್ರ ಹೊಸ ಪ್ರೊಸೆಸರ್ ಇದೆ."

ಎರಡು ವರ್ಷ ಜೊತೆಗೆ ಆಡಿದವಳಿಗೆ ಹೇಳುವ ಮಾತೇ ಇದು? ಅವಳ ಕಂಪ್ಯೂಟರ್ ಸಾಲದಿದ್ದರೆ ಪಂದ್ಯದ ದಿನ ಭುವನನದ್ದನ್ನೇ ಅವಳ ಮುಂದಿಡಬಹುದಿತ್ತು. ಅದು ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಬಾಯಿ ಬಿಡಲಿಲ್ಲ. ನಾಚಿಕೆಗೇಡು!

ಪಂದ್ಯದ ದಿನ ಲೋಹಿತ್ ತನ್ನ ಕಂಪ್ಯೂಟರನ್ನು ಬಣ್ಣದ ದೀಪಗಳು ಜನರಿಗೆ ಕಾಣುವಂತೆ ತಿರುಗಿಸಿಟ್ಟ. ವೈರುಗಳನ್ನು ತಾನೇ ಚುಚ್ಚಿದ. ಆಟ ಶುರುವಾದ ಕೂಡಲೇ ಅವನ ಪರದೆ ತಡವರಿಸತೊಡಗಿತು. ಅವನು ಬಂದೂಕು ಎತ್ತುವಷ್ಟರಲ್ಲಿ ಸತ್ತಿರುತ್ತಿದ್ದ. ಮೂರರಲ್ಲಿ ಎರಡು ಆಟ ಗೆದ್ದವರಿಗೆ ಪಂದ್ಯ; ಮೊದಲನೆಯದು ಕೈತಪ್ಪಿತು.

"ಅಂಗಡಿಯವನು ಡೂಪ್ಲಿಕೇಟ್ ಪ್ರೊಸೆಸರ್ ಕೊಟ್ಟು ಮೋಸ ಮಾಡಿದಾನೆ," ಎಂದು ಅವನು ಸಭಾಂಗಣವೆಲ್ಲ ಕೇಳುವಂತೆ ಕೂಗಾಡಿದ.

ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಸುಚೇತಾ ಎದ್ದು ಬಂದು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಳು. ಮಾನಿಟರ್ ಕೇಬಲ್ಲನ್ನು ಅವನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿಗೆ ಹಾಕಿದ್ದ. ಚಿತ್ರ ಮೂಡಿಸಬೇಕಾದ ಕಾರ್ಡ್ ಕೆಲಸವಿಲ್ಲದೆ ಕೂತಿತ್ತು. ಅವಳು ಕೇಬಲ್ ಕಿತ್ತು ಸರಿಯಾದ ಜಾಗಕ್ಕೆ ಹಾಕಿದಳು. ತಡವರಿಕೆ ನಿಂತುಹೋಯಿತು.

ಲೋಹಿತನ ಮುಖ ಸಣ್ಣಗಾಯಿತು. "ಭುವನ್, ಏಳೋ. ಸುಚೇತಾ, ನೀನು ಕೂತ್ಕೋ. ಇನ್ನೂ ಎರಡು ಆಟ ಇದೆ."

ಸುಚೇತಾ ಕೈಯ ಧೂಳು ಒರೆಸಿಕೊಂಡಳು. "ನನ್ನ ಪ್ರೊಸೆಸರ್ ಇನ್ನೂ ಹಳೇದೇ ಕಣೋ," ಎಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು.

ಎರಡನೆಯ ಆಟದಲ್ಲಿ ಎದುರಾಳಿ ಯಾವ ಗೋಡೆಯ ಹಿಂದಿದ್ದಾನೆ ಎಂದು ಹೇಳುವವರೇ ಇರಲಿಲ್ಲ. ತಾವು ಸೋಲುವುದನ್ನು ಐವರೂ ತಮ್ಮ ತಮ್ಮ ಪರದೆಯ ಮೇಲೆ ಚೂರೂ ತಡವರಿಕೆಯಿಲ್ಲದೆ ನೋಡಿದರು.

ನೀತಿ: ಒಳ್ಳೆಯ ಸಲಕರಣೆ ಕೊಳ್ಳಿ, ತಪ್ಪಿಲ್ಲ. ಆದರೆ ಸಲಕರಣೆ ನೋಡಿ ಮನುಷ್ಯರನ್ನು ಅಳೆಯಬೇಡಿ. ನೀವು ಅವಮಾನ ಮಾಡಿ ಪಕ್ಕಕ್ಕೆ ಕೂರಿಸಿದವರು, ನಿಮಗೆ ಕಷ್ಟ ಬಂದ ದಿನ ಕರೆದ ತಕ್ಷಣ ಬರಬೇಕೆಂದು ಯಾವ ಕಾನೂನೂ ಇಲ್ಲ.