ನಕಾಶೆಯ ಚುಕ್ಕಿ

ಮನೆಯವರ ಓಡಾಟ ಹೊರಗಿನವರಿಗೆ ತಿಳಿಯಬಾರದೆಂದು ಚಿದಂಬರ, ಹೆಂಡತಿಯ ಫೋನು ಹೋದ ದಾರಿಯೆಲ್ಲ ಮನೆಯ ಸರ್ವರ್ ಪೆಟ್ಟಿಗೆಯಲ್ಲೇ ದಾಖಲಾಗುವಂತೆ ಮಾಡಿದ.

“ಅಣ್ಣಾ, ನಾನು ಹೇಳಿದ್ದು ಹೊರಗೆ ಹೋಗುವುದಿಲ್ಲ ತಾನೆ?” ಎಂದಿತು ಫೋನು.

“ಹೊಸ್ತಿಲು ದಾಟುವುದಿಲ್ಲ,” ಎಂದಿತು ಪೆಟ್ಟಿಗೆ. “ಯಜಮಾನರೊಬ್ಬರೇ ನೋಡುತ್ತಾರೆ. ಇವತ್ತು ಹನ್ನೊಂದು ಸಲ ನೋಡಿದರು. ಮಂಗಳವಾರ ಕೆರೆಯಾಚೆ ನಲವತ್ತು ನಿಮಿಷ ಯಾರ ಜೊತೆಗಿದ್ದಳು ಎಂದು ಗೊಣಗಿದರು.”

“ಅದು ತೀರಿಹೋದ ಅವರ ಮಗುವನ್ನು ಹೂಳಿದ ಜಾಗ. ಹೆಂಗಸರು ಅಲ್ಲಿಗೆ ಹೋಗಬಾರದೆಂದು ತಡೆದವರು ಅವರೇ. ಅಮ್ಮ ಕದ್ದು ಹೋಗುತ್ತಾರೆ. ತಾವೇ ಗುಂಡಿ ತೋಡಿದ ಯಜಮಾನರಿಗೆ ಗುರುತು ಸಿಗಲಿಲ್ಲವೇ?”

“ನಕಾಶೆಯಲ್ಲಿ ಅದು ಬರೀ ಚುಕ್ಕಿ.”

ಚಿದಂಬರ ಹೆಂಡತಿಯನ್ನು ಕೇಳಿಯೇಬಿಟ್ಟ. ಮುಂದಿನ ಮಂಗಳವಾರ ಆಕೆ ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು ಕೆರೆಯಾಚೆ ಹೋದಳು. ಪೆಟ್ಟಿಗೆ, ‘ಇಡೀ ದಿನ ಮನೆಯಲ್ಲಿ’ ಎಂದು ಬರೆಯಿತು. ಅದನ್ನು ಓದಿ ಚಿದಂಬರ ಮೊದಲ ಬಾರಿಗೆ ಹೆಂಡತಿಯನ್ನು ನಂಬಿದ.