ಅಲಗು ಯಾರ ಕಡೆಗೆ

ಜಪಾನಿನ ಒಂದು ಬೆಟ್ಟದ ತಪ್ಪಲಲ್ಲಿ ತೊಕುಸಾಯ್ ಎಂಬ ಗುರು ಕತ್ತಿವರಸೆ ಕಲಿಸುತ್ತಿದ್ದ. ಅವನ ಹಿರಿಯ ಶಿಷ್ಯ ಗೆಂಜೋ. ಹನ್ನೆರಡು ವರ್ಷ ಅಲ್ಲಿ ನೆಲ ಒರೆಸಿದವನು, ಗುರುವಿನ ಕತ್ತಿಗೆ ಎಣ್ಣೆ ಹಚ್ಚಿದವನು. ಆ ಕತ್ತಿ ಇವತ್ತಲ್ಲ ನಾಳೆ ತನ್ನದೇ ಎಂದು ನಂಬಿಕೊಂಡಿದ್ದ.

ಮೂರು ವರ್ಷದ ಹಿಂದೆ ಬಂದ ಶಿನ್ಸುಕೆಯನ್ನು ಕಂಡರೆ ಗೆಂಜೋಗೆ ಆಗುತ್ತಿರಲಿಲ್ಲ. ಶಿನ್ಸುಕೆ ತಲೆಬಾಗಿದರೆ ನಾಟಕ ಅನ್ನಿಸುತ್ತಿತ್ತು, ನಕ್ಕರೆ ತನ್ನನ್ನೇ ನೋಡಿ ನಕ್ಕ ಹಾಗೆ. ಅವನು ತನ್ನ ಪಾಡಿಗೆ ಉಣ್ಣುತ್ತಿದ್ದರೂ ಇವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುರು ಎಲ್ಲರನ್ನೂ ಕೂರಿಸಿಕೊಂಡ.

"ನನ್ನ ಕೈ ನಡುಗುತ್ತಿದೆ. ಕತ್ತಿ ಇನ್ನು ಶಿನ್ಸುಕೆಯದು. ಗೆಂಜೋ, ನೀನು ಹಿರಿಯ. ನಿನ್ನ ಕೈಯಾರೆ ಕೊಡು."

ಗೆಂಜೋ ಎದ್ದು ಒರೆಯಲ್ಲಿದ್ದ ಕತ್ತಿಯನ್ನು ಕೈಗೆತ್ತಿಕೊಂಡ.

ಕತ್ತಿ ಕೊಡುವುದಕ್ಕೆ ಅಲ್ಲೊಂದು ಪದ್ಧತಿ. ಒರೆಯಲ್ಲಿದ್ದರೂ ಸರಿ, ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು, ಅಲಗು, ಅಂದರೆ ಹರಿತದ ಅಂಚು, ಕೊಡುವವನ ಕಡೆಗೇ ಇರುವಂತೆ ಕೊಡಬೇಕು. ನಿನ್ನೆ ಸೇರಿದವನಿಗೂ ಗೊತ್ತಿರುವ ಪಾಠ ಅದು.

ಗೆಂಜೋ ಕತ್ತಿ ಚಾಚಿದ. ಅಲಗು ಶಿನ್ಸುಕೆಯ ಕಡೆಗಿತ್ತು.

ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಶಿನ್ಸುಕೆ ಮಾತ್ರ ತಲೆಬಾಗಿಸಿ ಕೈ ನೀಡಿದ. ಅದನ್ನು ನೋಡಿ ಗೆಂಜೋಗೆ ಇನ್ನಷ್ಟು ಮೈ ಉರಿಯಿತು.

"ತಡಿ," ಎಂದ ಗುರು. "ಅಲಗು ಎತ್ತ ಇದೆ?"

ಗೆಂಜೋ ನೋಡಿದ. ಮುಖ ಕೆಂಪಾಯಿತು. "ತಪ್ಪಾಯಿತು ಗುರುಗಳೇ. ಮರೆತೆ."

"ಹನ್ನೆರಡು ವರ್ಷದಲ್ಲಿ ಒಂದು ದಿನವೂ ಮರೆತವನಲ್ಲ ನೀನು."

ಗೆಂಜೋಗೆ ತಡೆಯಲಾಗಲಿಲ್ಲ. "ಇವನು ಮೊನ್ನೆ ಮೊನ್ನೆ ಬಂದವನು! ನಾನೇನು ಕಮ್ಮಿ ಮಾಡಿದೆ? ಹೊಟ್ಟೆಕಿಚ್ಚು ಗುರುಗಳೇ, ಮುಚ್ಚಿಡುವುದೇನು? ಮೂರು ವರ್ಷದಿಂದ ಒಳಗೊಳಗೇ ಸುಡುತ್ತಿದೆ."

"ಅಣ್ಣಾ, ಕತ್ತಿ ನೀವೇ ಇಟ್ಟುಕೊಳ್ಳಿ," ಎಂದ ಶಿನ್ಸುಕೆ.

"ನಿನ್ನ ದಾನ ಯಾರಿಗೆ ಬೇಕು?"

ಗುರು ಗದರಲಿಲ್ಲ. "ಗೆಂಜೋ, ಅಲಗನ್ನು ನಮ್ಮ ಕಡೆಗೆ ಯಾಕೆ ಹಿಡಿಯುತ್ತೇವೆ?"

"ತೆಗೆದುಕೊಳ್ಳುವವನಿಗೆ ಭಯವಾಗದಿರಲಿ ಅಂತ."

"ಅದು ಅವನ ಪಾಲಿನ ಅರ್ಥ. ಕೊಡುವವನ ಪಾಲಿನದು?"

ಗೆಂಜೋ ಕತ್ತಿ ಚಾಚಿಕೊಂಡೇ ನಿಂತ. ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಮುದುಕ ಎದ್ದು ಬಂದು ಅವನ ಎರಡೂ ಮಣಿಕಟ್ಟು ಹಿಡಿದ. ಕತ್ತಿಯನ್ನು ಮೆಲ್ಲಗೆ ತಿರುಗಿಸಿದ. ಅಲಗು ಗೆಂಜೋನ ಹೊಟ್ಟೆಯ ಎದುರಿಗೆ ಬಂದು ನಿಂತಿತು.

"ಸುಡುತ್ತಿರುವುದು ಎಲ್ಲಿದೆ ಅಂತ ನೀನೇ ಹೇಳಿದೆ. ಅಲಗು ಅದರ ಕಡೆಗಿರಲಿ. ಈಗ ಕೊಡು."