ಏಳುಕಲ್ಲು ಗುಡ್ಡದ ಮೊದಲ ಕಲ್ಲು

ನಮ್ಮೂರಿನ ಪಡುವಣ ಓಣಿಯಿಂದ ಏಳುಕಲ್ಲು ಗುಡ್ಡದ ನೆತ್ತಿಯವರೆಗೆ ದಾರಿಯ ಬದಿಯಲ್ಲಿ ಸುಣ್ಣ ಬಳಿದ ಏಳು ಗುಂಡುಕಲ್ಲುಗಳಿವೆ. ನೆತ್ತಿಯ ಮೇಲೆ ಅಕ್ಷರ ಅಳಿಸಿಹೋದ ಒಂದು ಗೋರಿ. ಹಿಂದೆ ಒಮ್ಮೆ, ಕಾಲರಾ ಬಂದ ವರ್ಷ, ಜರ್ಮನಿಯಿಂದ ಬಂದು ಇಲ್ಲಿ ನೆಲೆಸಿದ್ದ ನೇಕಾರ ಯೋಹಾನನ ಹೆಂಡತಿ ಮಾರ್ತಾ ಮನೆಮನೆಗೂ ಗಂಜಿ ಹೊತ್ತು ರೋಗಿಗಳನ್ನು ಉಳಿಸಿದಳು, ಕೊನೆಗೆ ತಾನೇ ತೀರಿಕೊಂಡಳು ಎನ್ನುತ್ತಾರೆ. ಊರೆಲ್ಲ ಹೆಗಲು ಕೊಟ್ಟು ಒಯ್ಯುವಾಗ ಏಳು ಕಡೆ ಇಳಿಸಿ ಕೈಮುಗಿಯಿತಂತೆ. ಇಳಿಸಿದಲ್ಲೆಲ್ಲ ಒಂದೊಂದು ಕಲ್ಲು ಇಟ್ಟಿತಂತೆ. ಮೂವತ್ತೊಂದು ವರ್ಷ ನಾನು ಶಾಲೆಯ ಮಕ್ಕಳಿಗೆ ಇದನ್ನೇ ಹೇಳಿದೆ. ಹೋದ ಮಾಘದಲ್ಲಿ ನನ್ನ ಹೆಂಡತಿ ಗಿರಿಜೆಯನ್ನು ಇದೇ ದಾರಿಯಲ್ಲಿ ಒಯ್ದಾಗ, ಹೆಗಲು ಕೊಡಲು ಜನ ನಾ ಮುಂದೆ ತಾ ಮುಂದೆ ಎಂದು ಬಂದರು.

ಶ್ರಾವಣದ ಒಂದು ಮಂಗಳವಾರ ಶಾಲೆಯ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಮೆರಿಕದ ನೆಬ್ರಾಸ್ಕಾದಿಂದ ಲೀನಾ ಎಂಬವರು ಬಂದರು. ಅಲ್ಲಿನ ಹಳ್ಳಿಗಾಡಿನ ಜಿಲ್ಲೆಯೊಂದರಲ್ಲಿ ಮೊದಮೊದಲು ನೆಲ ಉತ್ತ ಜರ್ಮನ್ ಮನೆತನಗಳ ವಂಶಾವಳಿ ಬರೆಯುತ್ತಿದ್ದರು. ಹೆಂಡತಿ ಸತ್ತ ಮೇಲೆ ಯೋಹಾನ ಮಗಳನ್ನು ಕರೆದುಕೊಂಡು ಹೋದದ್ದು ಅಲ್ಲಿಗೇ; ಲೀನಾ ಆ ಮಗಳ ಮರಿಮಗಳು. ನಾನು ಅವರಿಗೂ ಕಲ್ಲುಗಳ ಕಥೆ ಹೇಳುತ್ತಿದ್ದಾಗ, ಶಾಲೆಯ ಅಡುಗೆಯ ನೀಲವ್ವ ಒಲೆಯ ಬಳಿಯಿಂದಲೇ ಕೂಗಿದಳು: “ಮಾಸ್ತರ, ಆಕಿಗೆ ಹೇಳ್ರಿ, ನಮ್ಮೂರಾಗ ಹೆಗಲಿಗೆ ಎಂದೂ ಬರಾ ಬಿದ್ದಿಲ್ಲ. ಸತ್ರ ಸಾಕು, ಓಡಿ ಬರ್ತಾರ. ಬದುಕಿದ್ದಾಗಷ್ಟ ಬರಾ!”

ಮಾರ್ತಾಳ ಮಗಳು ಹದಿಮೂರನೆಯ ವಯಸ್ಸಿನಲ್ಲಿ ಬರೆದಿಟ್ಟದ್ದನ್ನು ಲೀನಾ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ‘ರೋಗ ತಗಲೀತೆಂದು ಯಾರೂ ಬಾಗಿಲು ತೆರೆಯಲಿಲ್ಲ. ಅಮ್ಮನನ್ನು ಮಗ್ಗದ ಹಲಗೆಯ ಮೇಲೆ ಮಲಗಿಸಿ, ಮುಂದೆ ಅಪ್ಪ, ಹಿಂದೆ ನಾನು ಹಿಡಿದೆವು. ನನ್ನ ಕೈ ಸೋತು ಏಳು ಸಲ ಇಳಿಸಿದೆವು. ಇಳಿಸಿದಲ್ಲಿ ಗುರುತಿಗೆ ಒಂದು ಕಲ್ಲು ಇಟ್ಟೆ. ಮೊದಲು ಇಳಿಸಿದ್ದು, ಅಮ್ಮ ಒಂಬತ್ತು ದಿನ ಗಂಜಿ ಕುಡಿಸಿ ಉಳಿಸಿದವರ ಮನೆಯ ಎದುರು. ಅವರು ಕಿಟಕಿಯಿಂದ ನೋಡಿದರು.’

“ಏನಂತ ಬರದೈತ್ರಿ?” ಎಂದಳು ನೀಲವ್ವ. ನಾನು ಉತ್ತರಪತ್ರಿಕೆಗಳ ಅಂಚು ಸರಿಮಾಡುತ್ತ ಕುಳಿತೆ.

“ಆ ಮನೆಯವರು ಯಾರಾದರೂ ಉಳಿದಿದ್ದಾರೆಯೆ?” ಎಂದು ಲೀನಾ ಕೇಳಿದರು.

“ಗೊತ್ತಿಲ್ಲ” ಎಂದೆ.

ಅವರು ಒಬ್ಬರೇ ಗುಡ್ಡ ಹತ್ತಿ, ಗೋರಿಯ ಮೇಲಿನ ಹುಲ್ಲು ಕಿತ್ತುಹಾಕಿ ಹೊರಟುಹೋದರು. ಗೋರಿ ನೋಡಲು ಬಂದವರು ಈಗಲೂ ಪ್ರತಿ ಕಲ್ಲಿಗೂ ಕೈಮುಗಿದು ಮೇಲೇರುತ್ತಾರೆ; ಮಕ್ಕಳು ನನ್ನಿಂದ ಕಲಿತ ಕಥೆಯನ್ನೇ ಅವರಿಗೆ ಹೇಳುತ್ತಾರೆ. ಮೊದಲ ಕಲ್ಲು, ಆ ಕಾಲರಾ ವರ್ಷಕ್ಕೂ ಮೊದಲೇ ನನ್ನ ಮುತ್ತಜ್ಜ ಕಟ್ಟಿಸಿದ ನಮ್ಮ ಮನೆಯ ಹೊಸ್ತಿಲಿನಿಂದ ಹನ್ನೊಂದು ಹೆಜ್ಜೆ ದೂರದಲ್ಲಿದೆ.